ಕತಿ, ಕತ್ತಿ ಮತ್ತ ಇಟಾಲಿಯನ್ ಹಾಡು

ಧಾರವಾಡದಾಗ ಕಲ್ಲು ಒಗದ್ರ ಅದು ಯಾರರೆ ಸಾಹಿತಿ ಮನಿ ಮ್ಯಾಲೆ ಬೀಳ್ತದ ಅಂತಾರ. ಸಾಹಿತಿ ಮನಿ ತಪ್ಪಿದ್ರ ಹಾಡವರ ಮನಿ ಅಂತೂ ಖರೇ. ಅಂಥಾ ಊರಾಗ ಹುಟ್ಟಿದಾಕಿ ನಾ. ಆದ್ರ ನನ್ನ ಮಗಳು ಕಲಿಯೋದು ಖಯಾಲೂ ಅಲ್ಲ, ದಾಸರ ಪದಾನೂ ಅಲ್ಲ, ಇಟಾಲಿಯನ್ ಹಾಡು. ನಾವಿರೋದು ಇಂಗ್ಲಂಡಿನ್ಯಾಗ, ಆಕಿ ಹುಟ್ಟಿ ಬೆಳದದ್ದೂ ಇಲ್ಲೇ, ಈಗ 16 ವರ್ಷ. ಪಾಶ್ಚಾತ್ಯ ಹಾಡು ಕಲಿಯೋರಿಗೆ ಶುರುವಿಗೆ ಹಳೇ ಇಟಾಲಿಯನ್ ಹಾಡು ಕೊಡೋದು ಇಲ್ಲಿ ಪದ್ಧತಿ. ಈಕಿ ಪಾಲಿಗೆ ಬಂದದ್ದು ಜೂಲಿಯೋ ಕಾಚ್ಚೀನಿ ಅನ್ನವರು 1602ರಾಗ ಅಚ್ಚು ಹಾಕಿಸಿದ ‘ಅಮರಿಲ್ಲಿ, ಮೀಯಾ ಬೆಲ್ಲಾ’.

ಮೂರು ವಾರ ಟೀಚರು ಆಕಿ ಕಡೆ ಹಾಡಿಸಲೇ ಇಲ್ಲ ನೋಡ್ರಿ. ಬರೇ ಓದಿಸಿದ್ರು. ಯಾಕಂದ್ರ ಇಂಗ್ಲಿಷ್ ಬಾಯಿಯ ‘ಓ’ ಕಡೀಕ ‘ಉ’ ಆಗಿ ಮುಗೀತದ, ‘ಏ’ ಕಡೀಕ ‘ಇ’ ಆಗ್ತದ. ‘ನೋ’ ಅನ್ನೋದ್ರಾಗ ತುಟಿ ಎರಡು ಸಲ ಹೊಳ್ಳತದ. ಮಾತಾಡುವಾಗ ಇದು ಯಾರ ಕಿವಿಗೂ ಬೀಳಂಗಿಲ್ಲ. ಆದ್ರ ಹಾಡಿನ್ಯಾಗ ಒಂದ ಅಕ್ಷರಾ ನಾಕು ಮಾತ್ರೆ ಹಿಡೀಬೇಕಾದಾಗ ಬಣ್ಣಾ ಬಯಲಾಗ್ತದ. ಇಟಾಲಿಯನ್‌ದಾಗ ‘ಓ’ ಹೆಂಗ ಶುರು ಆತೋ ಹಂಗ ಮುಗೀಬೇಕು, ತುಟಿ ಅಳ್ಳಾಡಬಾರದು.

ಇದನ್ನ ಕೇಳಿ ನನಗ ಇಟಲಿಕಿಂತ ಮೊದಲ ನೆನಪಾದದ್ದು ನಮ್ಮವ್ವ. ಆಕಿಗೆ 82, ಕಿವಿ ಮಂದ. ಪ್ರತಿ ರವಿವಾರ ಫೋನ್ ಮಾಡ್ತೀವಿ. ಮೊಮ್ಮಗಳು ‘ಹೋಗಿದ್ದೆ’ ಅಂದ್ರ ಆಕಿಗೆ ‘ಹೌಗಿದ್ದೆ’ ಕೇಳಸ್ತದ, ‘ಅಜ್ಜಿ’ ಅಂದ್ರ ‘ಅಜಿ’. “ಏನಂತದವಾ ಕೂಸು, ನೀನರೆ ಹೇಳು” ಅಂತ ನಮ್ಮವ್ವ ನನ್ನ ಕೇಳಾಕಿ. ಬರಬರ್ತ ಮಾತು ಎರಡು ಮಿನಿಟಿಗೆ ಇಳೀತು, ಆಮ್ಯಾಲೆ ಬರೇ ಕೈ ಬೀಸೋದಾತು. ಕಡೀಕ ಮಗಳು “ಅಮ್ಮಾ, ನಂಗ ಕನ್ನಡ ಬರಂಗಿಲ್ಲ, ಬಿಡು” ಅಂತ ತೀರ್ಮಾನಾನೇ ಮಾಡಿಬಿಟ್ಲು. ನನಗ ಭಾಳ ಸಂಕಟಾತು. ಶಬ್ದಾ ಎಲ್ಲಾ ಬರ್ತಾವ ಹುಡುಗಿಗೆ, ಬಾಯಿ ಅಷ್ಟ ಹೊಳ್ಳವಲ್ದು.

ಒಂದಿನ ನಾ ಚಪಾತಿ ಲಟ್ಟಸ್ಲಿಕತ್ತಿದ್ದೆ. ಆಕಿ ‘ಬೆಲಾ, ಬೆಲಾ’ ಅಂತ ಗೊಣಗ್ಲಿಕತ್ತಿದ್ಲು. ಆ ‘ಲ’ಕ್ಕ ಒತ್ತಕ್ಷರ ಅದ, ‘ಬೆಲ್ಲಾ’ ಅನ್ನಬೇಕು, ಅರ್ಥ ‘ಚೆಲುವಿ’ ಅಂತ. ನಮ್ಮ ಬಾಯಾಗಿನ ಸಿಹಿ ಬೆಲ್ಲ ಅಲ್ಲ ಮತ್ತ! ಇಟಾಲಿಯನ್‌ದಾಗ ಒತ್ತಕ್ಷರ ಬಿಟ್ರ ಅರ್ಥಾನೇ ಬ್ಯಾರೆ ಆಗ್ತದಂತ. ‘ನೋನೊ’ ಅಂದ್ರ ಒಂಬತ್ತನೇದು, ‘ನೊನ್ನೊ’ ಅಂದ್ರ ಅಜ್ಜ. ‘ಸೇತೆ’ ಅಂದ್ರ ನೀರಡಿಕೆ, ‘ಸೆತ್ತೆ’ ಅಂದ್ರ ಏಳು. ನಾ ಹಿಟ್ಟಿನ ಕೈ ಎತ್ತಿ ಹೇಳಿದೆ: “ಅಯ್ಯ, ಇದು ನಮ್ಮ ಕತಿ-ಕತ್ತಿ ಇದ್ದಂಗ ಅಲ್ಲೇನ! ನೀ ಅಜ್ಜಿಗೆ ಕತಿ ಹೇಳು ಅಂತೀಯೋ, ಕತ್ತಿ ಹೇಳು ಅಂತೀಯೋ?” ಧಾರವಾಡದ ಕಡೆ ಕತ್ತೆಗೆ ಕತ್ತಿ ಅಂತೀವಲ್ಲ, ಹುಡುಗಿ ಹೊಟ್ಟಿ ಹಿಡಕೊಂಡು ನಕ್ಕಳು. ಅವತ್ತಿನಿಂದ ನಮ್ಮ ಅಡಗಿಮನಿನೇ ಸಂಗೀತದ ಸಾಲಿ ಆತು. ‘ಹಳ್ಳ, ಬೆಕ್ಕು, ಅಣ್ಣ’ ಅನಿಸಿ ಆಮ್ಯಾಲೆ ‘ಬೆಲ್ಲಾ’ ಅನಸ್ತಿದ್ದೆ. ಅವರ ‘ತ’, ‘ದ’ ಸುದ್ದಾ ನಮ್ಮಂಗ ಹಲ್ಲಿಗೆ ನಾಲಿಗಿ ತಾಗಿಸಿನ ಬರ್ತಾವ.

ಆದ್ರ ಎಲ್ಲಾ ನಮ್ಮ ಕನ್ನಡದಾಗ ಅದ ಅಂತ ಎದಿ ಉಬ್ಬಸೋ ಹಂಗಿಲ್ರಿ. ಅವರ ಸ್ವರದ ಅಕ್ಷರ ಐದಾದ್ರೂ ಉಚ್ಚಾರ ಏಳು, ಯಾಕಂದ್ರ ಎ-ಒ ಎರಡಕ್ಕೂ ಬಾಯಿ ಅಗಲ ತಗದು ಅನ್ನೋದೊಂದು, ಕಿರಿದು ಮಾಡಿ ಅನ್ನೋದೊಂದು. ‘ಪೆಸ್ಕಾ’ದ ‘ಎ’ ಅಗಲ ಆದ್ರ ಪೀಚ್ ಹಣ್ಣು, ಕಿರಿದಾದ್ರ ಮೀನು ಹಿಡಿಯೋದು.

ಇನ್ನ ಭಾರ. ಅಂದ್ರ ಶಬ್ದದಾಗ ಯಾವ ಅಕ್ಷರ ಒತ್ತಿ ಅನ್ನಬೇಕು ಅನ್ನೋದು. ಕನ್ನಡದಾಗ ಭಾರ ಹೆಚ್ಚು ಕಡಿಮಿ ಆದ್ರ ಅರ್ಥ ಕೆಡಂಗಿಲ್ಲ, ಅಲ್ಲಿ ಕೆಡ್ತದ. ಇಲ್ಲಿ ಮಗಳ ನನಗ ಗುರು. ಸಾಮಾನ್ಯವಾಗಿ ಭಾರ ಕಡೀ ಅಕ್ಷರದ ಹಿಂದಿನದಕ್ಕ: ಅ-ಮೋ-ರೆ. ಕೆಲವಕ್ಕ ಕಡೀಲಿಂದ ಮೂರನೇದಕ್ಕ: ಮೂ-ಸಿ-ಕಾ. ಕಡೀ ಅಕ್ಷರಕ್ಕೇ ಭಾರ ಇದ್ರ ಅದರ ಮ್ಯಾಲೆ ಗೀಟು ಹಾಕಿ ಬರೀತಾರ, ‘ಚಿತ್ತಾ’ ಅಂದ್ರ ಪಟ್ಟಣ, ಅದಕ್ಕ ಗೀಟು ಅದ. ಉಳಿದಲ್ಲೆ ಗೀಟು ಇರಂಗಿಲ್ಲ, ಡಿಕ್ಷನರಿ ನೋಡಬೇಕು. ‘ಅಂಕೋರಾ’ದಾಗ ನಡುವಿನ ಅಕ್ಷರಕ್ಕ ಭಾರ ಬಿದ್ರ ‘ಇನ್ನೂ’, ಮೊದಲಿನದಕ್ಕ ಬಿದ್ರ ಹಡಗಿನ ಲಂಗರು. ‘ಮೀಯಾ’ ಒಂದ ಸ್ವರದ ಮ್ಯಾಲೆ ಬಂದಾಗ ಭಾರ ಇರೋ ‘ಈ’ ಹಿಡದು, ‘ಆ’ ಕಡೀಕ ಹಗೂರಕ ಮುಟ್ಟಬೇಕಂತ. ಎರಡು ಶಬ್ದದ ಸ್ವರ ಕೂಡಿದ್ರ ನಾವು ಲೋಪಸಂಧಿ ಮಾಡಿ ಒಂದನ್ನ ನುಂಗ್ತೀವಿ, ಅವರು ಹಾಡುವಾಗ ಎರಡನ್ನೂ ಒಂದ ಸ್ವರಸ್ಥಾನದಾಗ ಕೂಡಿಸ್ತಾರ.

ಭಾರ ಇಲ್ಲದ ಕಡೀ ಅಕ್ಷರಾನೂ ನುಂಗಂಗಿಲ್ಲ. ಬೆಲ್ಲಾ, ಬೆಲ್ಲೊ, ಬೆಲ್ಲೆ, ಬೆಲ್ಲಿ, ಹೆಣ್ಣೋ ಗಂಡೋ, ಒಂದೋ ಭಾಳೋ ಅನ್ನೋದೆಲ್ಲಾ ಆ ಕಡೀ ಸ್ವರದಾಗ ಅದ. ಇಂಗ್ಲಿಷ್ ಬಾಯಿ ಭಾರ ಇಲ್ಲದ ಸ್ವರಾನ ಭಾಳ ಸಲ ‘ಅ’ ಮಾಡಿಬಿಡ್ತದ. ನಮ್ಮವ್ವನ ಬಾಯಿದು ಬ್ಯಾರೆ ರೋಗ. ಮನೆ ಅನ್ನೋದನ್ನ ಮನಿ ಅನ್ನಾಕಿ ಅಲ್ಲ ಆಕಿ, ಹಂಗ ‘ಅಮೋರೆ’ ಆಕಿ ಬಾಯಾಗ ‘ಅಮೋರಿ’ ಆತು. “ಅಜ್ಜೀ, ಅಮೋರೆ ಅಂದ್ರ ಪ್ರೀತಿ, ಅಮೋರಿ ಅಂದ್ರ ಭಾಳ ಪ್ರೀತಿಗಳು!” ಅಂದ್ಲು ಮಗಳು. “ಭಾಳ ಇದ್ರ ಕೆಟ್ಟೇನವಾ, ಇರ್ಲಿ” ಅಂದ್ಲು ನಮ್ಮವ್ವ.

ಈ ಮಾತು ಆದದ್ದು ಫೋನಿನ್ಯಾಗ, ನನ್ನ ನಡುವ ಕರೀದ. ಮೊಮ್ಮಗಳ ‘ಅಜ್ಜಿ’ಯಾಗ ಎರಡೂ ‘ಜ’ ಕೇಳಿದ್ವು, ‘ಹೋಗಿದ್ದೆ’ ಹೋಗಿದ್ದೆ ಆಗೇ ದಾಟಿತು. ಕಿವಿ ಅಷ್ಟ ಮಂದ, ಫೋನೂ ಅದ. ಅವತ್ತ ಇಬ್ಬರೂ 25 ಮಿನಿಟು ಮಾತಾಡಿದ್ರು. ನಾ ಅಡಗಿಮನ್ಯಾಗ ನಿಂತು ಸುಮ್ಮನ ಸಾರಿಗೆ ಒಗ್ಗರಣಿ ಹಾಕಿದೆ, ಕಣ್ಣಾಗ ನೀರು ಬಂದದ್ದು ಒಣಮೆಣಸಿನಕಾಯಿ ಘಾಟಿಗೆ ಅಂತ ತಿಳಕೋರಿ.

ನಿಮ್ಮ ಮನ್ಯಾಗೂ ಯಾವರೆ ಕೂಸು “ಕನ್ನಡ ಬರಂಗಿಲ್ಲ” ಅಂದ್ರ ಮೊದಲ ಕನ್ನಡಿ ಮುಂದ ನಿಂದರಸ್ರಿ. ‘ಓ’ ಅಂತ ನಾಕು ಎಣಿಸೋತನಾ ಹಿಡೀಲಿ, ತುಟಿ ಅಳ್ಳಾಡ್ತದೇನು ನೋಡ್ರಿ. ಅಳ್ಳಾಡಿದ್ರ ಆ ಕೂಸಿಗೆ ಬೇಕಾದದ್ದು ಹೊಸಾ ಶಬ್ದ ಅಲ್ಲ, ‘ಅಜ್ಜಿ’ ಅಂತ ನೂರು ಸಲ ಅನ್ನಲಿಕ್ಕೆ ಬಾಜೂಕ ಕೂಡೋ ಒಬ್ಬರು.