ಹೆಣ್ಣುಮಕ್ಕಳ ಮುಷ್ಟಿಯುದ್ಧ

ಜಮಖಂಡಿ, ಮುಧೋಳಗಳ ಗರಡಿಮನೆಗಳ ಮುಂದೆ ಹಾಯುವಾಗ ನಾವು ಬಾಲ್ಯದಲ್ಲಿ ಕಣ್ಣು ತಗ್ಗಿಸಿ ನಡೆದವರು. ಆದುದರಿಂದ ಬನಹಟ್ಟಿಯ ನೇಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳು ಮುಷ್ಟಿಯುದ್ಧ ಕಲಿಯಲು ಅಪ್ಪಣೆ ಬೇಡಿದಾಗ ವಿಚಾರಿಸದೆಯೇ ನಿರಾಕರಿಸಿದೆವು; ತಪ್ಪು ನಮ್ಮದೇ. ಅವಳು ಮರುಮಾತಾಡದೆ ವೃತ್ತಪತ್ರಿಕೆಯ ತುಣುಕೊಂದನ್ನು ಮೇಜಿನ ಮೇಲಿಟ್ಟು ಹೋದಳು. 2018ರ ನವೆಂಬರದಲ್ಲಿ ದಿಲ್ಲಿಯಲ್ಲಿ ಜರುಗಿದ ಸ್ತ್ರೀಯರ ಜಾಗತಿಕ ಪಂದ್ಯದ ವರ್ತಮಾನವದು: ಮೂರು ಮಕ್ಕಳ ತಾಯಿಯಾದ ಮಣಿಪುರದ ಮೇರಿ ಕೋಮ್, 48 ಕಿಲೋ ವರ್ಗದಲ್ಲಿ ಯುಕ್ರೇನಿನ ಹನ್ನಾ ಒಖೋಟಾರನ್ನು ಸೋಲಿಸಿ ಆರನೆಯ ಸುವರ್ಣಪದಕ ಗಳಿಸಿದ್ದರು. 2001ರ ಮೊದಲ ಪಂದ್ಯದಲ್ಲಿ ಅವರಿಗೆ ದೊರೆತುದು ಬೆಳ್ಳಿ. ಈ ಆಟದಲ್ಲಿ ಒಲಿಂಪಿಕ್ಕಿನ ಬಾಗಿಲು ಸ್ತ್ರೀಯರಿಗೆ ತೆರೆದುದಂತೂ 2012ರಲ್ಲಿ.

ತಾಯಿಯನ್ನು ಕರೆಸಿದೆವು. "ಮಾರಿಗೆ ಪೆಟ್ಟಾದರ ಲಗ್ನ ಹೆಂಗ್ರೀ, ಅಕ್ಕೋರೆ?" ಎಂದರು. ಉತ್ತರ ನಮಗೆ ಹೊಳೆಯಲಿಲ್ಲ. ಅಪ್ಪಣೆಪತ್ರಕ್ಕೆ ನಾವು ಮೊದಲು ಸಹಿ ಮಾಡಿ, ಲೇಖನಿಯನ್ನು ಅವರ ಕೈಗೆ ಕೊಟ್ಟೆವು.