ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಮೊಹಲ್ಲಾಗಳಲ್ಲಿ ದುಡಿಯದ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಖಡಕ್ ರೊಟ್ಟಿ ಬಡಿಯುತ್ತಾರೆ, ಶೇಂಗಾ ಹಿಂಡಿ ಕುಟ್ಟುತ್ತಾರೆ, ಕೌದಿ ಹೊಲಿಯುತ್ತಾರೆ. ಏನು ಮಾಡ್ತೀರವ್ವಾ ಎಂದು ಕೇಳಿದರೆ ಮಾತ್ರ, ‘ಏನಿಲ್ಲರೀ, ಮನ್ಯಾಗ ಇರ್ತೀನಿ’ ಎನ್ನುತ್ತಾರೆ.

ನನ್ನ ಖಾಲಾ ಇಪ್ಪತ್ತು ವರ್ಷ ರೊಟ್ಟಿ ಮಾರಿದರು. ಜೋಳದ ಬೆಲೆ, ಕಟ್ಟಿಗೆಯ ಖರ್ಚು ಅವರಿಗೆ ಬಾಯಿಪಾಠ. ಆದರೆ ದರ ಹೇಳುತ್ತಿದ್ದವರು ಖಾನಾವಳಿಯವರು, ಹಣ ಎಣಿಸಿಕೊಳ್ಳುತ್ತಿದ್ದವನು ಮಗ. ವಿಧವೆಯಾದ ಮೇಲೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಅಷ್ಟು ವರ್ಷಗಳ ದುಡಿಮೆಗೆ ಒಂದು ತುಂಡು ಕಾಗದದ ಸಾಕ್ಷಿಯೂ ಇರಲಿಲ್ಲ.

ಹಜ್ರತ್ ಖದೀಜಾ ಮಕ್ಕಾದ ವ್ಯಾಪಾರಿ. ಬಂಡವಾಳ ಅವರದು, ಸಿರಿಯಾದ ಕಡೆಗೆ ಸರಕು ಒಯ್ಯಲು ಪ್ರವಾದಿಯವರನ್ನು ನೇಮಿಸಿಕೊಂಡವರೂ ಅವರೇ. ಅದೇ ಅರಬ್ ನೆಲದ ಸೌದಿಯಲ್ಲಿ, ಗಂಡಸಿನ ಒಪ್ಪಿಗೆಯಿಲ್ಲದೆ ಹೆಣ್ಣು ವ್ಯಾಪಾರ ಆರಂಭಿಸಬಹುದೆಂದು ಸರಕಾರ ಹೇಳಿದ್ದು 2018ರಲ್ಲಿ. ನಮ್ಮಲ್ಲಿ ಅಂಥ ತಡೆ ಕಾನೂನಿನಲ್ಲಿಲ್ಲ, ಮನೆಯ ರೂಢಿಯಲ್ಲಿದೆ.

2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಸಂಘಗಳಾದವು, ಸಾಲವೂ ಸಿಕ್ಕಿತು. ಆದರೆ ಸಾಲ ಅವಳ ಹೆಸರಿನಲ್ಲಿದ್ದು ಖರ್ಚು ಗಂಡಸಿನ ಕೈಯಲ್ಲಿದ್ದರೆ, ಅವಳ ಪಾಲಿಗೆ ಉಳಿಯುವುದು ಕಂತು ಮಾತ್ರ. ಕಿರುಸಾಲ ಕಂಪೆನಿಗಳ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಮಗಳಿಗೆ ಹೊಲಿಗೆ ಯಂತ್ರ ಕೊಡಿಸುವ ತಂದೆ, ಅವಳ ಹೆಸರಿನ ಪಾಸ್‌ಬುಕ್ಕನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಜೊತೆಗೆ ಕೊಡಿಸಲಿ. ರವಿಕೆಯ ದರ ಅವಳೇ ಹೇಳಲಿ. ಲೆಕ್ಕ ಉರ್ದುವಿನಲ್ಲಿದ್ದರೂ ಸರಿ, ಕನ್ನಡದಲ್ಲಿದ್ದರೂ ಸರಿ, ಬರೆಯುವ ಕೈ ಅವಳದಾಗಿರಲಿ.