ಬೊಗಳುವ ನಾಯಿಯ ಬಾಯಿ ಕಟ್ಟಬೇಡಿ

ಹಳೇ ನುಡಿ ಫಾಂಟಿನ ಸುದ್ದಿಯನ್ನು ಯೂನಿಕೋಡ್‌ಗೆ ತಿರುಗಿಸಲು ಯಾರೋ ಬರೆದ ಸಣ್ಣ ಸಿ ಪ್ರೋಗ್ರಾಂ ಬಳಸುತ್ತೇನೆ. ಅದನ್ನು ಡೆಬಿಯನ್ ಪ್ಯಾಕೇಜ್ ಮಾಡಹೊರಟರೆ ಕಂಪೈಲರ್ ಅರ್ಧಕ್ಕೇ ನಿಂತಿತು. ಡೆಬಿಯನ್ ತಾನಾಗಿ ಸೇರಿಸುವ 'ಫಾರ್ಮ್ಯಾಟ್ ಸೆಕ್ಯುರಿಟಿ' ಫ್ಲ್ಯಾಗ್ ತಡೆದಿತ್ತು. "ಫ್ಲ್ಯಾಗ್ ತೆಗೆದುಬಿಡು ಮಾರಾಯ" ಅಂದ ಗೆಳೆಯ. ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದರೆ ಕಳ್ಳನಿಗೇ ಅನುಕೂಲ.

ಕಂಪೈಲರ್ ತೋರಿಸಿದ ಸಾಲು ತೆರೆದೆ. ಅಲ್ಲಿ ಪ್ರಿಂಟ್‌ಎಫ್‌ಗೆ ಸುದ್ದಿಯ ಪಠ್ಯವನ್ನೇ ನೇರವಾಗಿ ಕೊಟ್ಟಿದ್ದರು. ಹಾಗಿದ್ದಾಗ ಸುದ್ದಿಯೊಳಗಿನ % ಗುರುತನ್ನು ಅದು ಆಜ್ಞೆ ಎಂದು ಓದುತ್ತದೆ. ಕಿಡಿಗೇಡಿಯೊಬ್ಬ ಬೇಕೆಂದೇ ಅಂಥ ಗುರುತು ತುರುಕಿದರೆ ಮೆಮೊರಿಯಲ್ಲಿದ್ದದ್ದು ಹೊರಬೀಳಬಹುದು. ಪಠ್ಯಕ್ಕೆ ಮೊದಲು "%ಎಸ್" ಸೇರಿಸಿದೆ. ಅಂದರೆ 'ಇದು ಬರೀ ಪಠ್ಯ, ಇದ್ದ ಹಾಗೇ ಅಚ್ಚು ಮಾಡು'. ಪ್ಯಾಕೇಜ್ ಆಯಿತು.

"ನನ್ನ ಹೆಸರು ಬರಬಾರದು ಸಾರ್" ಎಂದು ರೈತರು ಹೇಳಿದ ಮಾತೂ ಇದೇ ಪ್ರೋಗ್ರಾಂ ದಾಟಿ ಹೋಗುತ್ತದೆ. ಫ್ಲ್ಯಾಗ್ ಇರಲಿ.